ಮೂರು ಕಡೆ ತೊಂದರೆ, ರೋಗ ಒಂದೇ

ಮಕ್ಕಳೇ, ಬಾಯಲ್ಲಿ ಹುಣ್ಣಾದಾಗ ಸಾರು-ಅನ್ನ ತಿನ್ನಲೂ ನೀವು ಪಟ್ಟ ಪಾಡು ನೆನಪಿದೆಯೇ? ಅಂಥ ಹುಣ್ಣು ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ತಾನಾಗಿಯೇ ಮಾಯುತ್ತದೆ. ಹೆದರಬೇಕಾಗಿಲ್ಲ. ಆದರೆ 1924-25ರ ಸುಮಾರಿಗೆ ಟರ್ಕಿ ದೇಶದ ಇಸ್ತಾಂಬುಲ್ ನಗರದಲ್ಲಿ ಚರ್ಮವೈದ್ಯರೊಬ್ಬರ ಬಳಿಗೆ ಬಂದ ರೋಗಿಯ ಕಥೆ ಬೇರೆ. ಅವರಿಗೆ ಬಾಯಿಹುಣ್ಣು ವರ್ಷಗಟ್ಟಲೆ ಮರುಕಳಿಸುತ್ತಿತ್ತು. ಗುಪ್ತಾಂಗದಲ್ಲೂ ಹುಣ್ಣು. ಜೊತೆಗೆ ಕಣ್ಣಿನ ಉರಿಯೂತ.

ಆ ವೈದ್ಯರೇ ಹುಲೂಸಿ ಬೆಹ್ಚೆಟ್. 1889ರ ಫೆಬ್ರವರಿ 20ರಂದು ಇಸ್ತಾಂಬುಲ್‌ನಲ್ಲಿ ಜನಿಸಿದ ಇವರು ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆರೈಕೆಯಲ್ಲಿ ಬೆಳೆದರು. 1910ರಲ್ಲಿ ವೈದ್ಯರಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಯಲ್ಲಿ ದುಡಿದು, ಅನಂತರ ಬುಡಾಪೆಸ್ಟ್ ಮತ್ತು ಬರ್ಲಿನ್‌ಗಳಲ್ಲಿ ಹೆಚ್ಚಿನ ಅನುಭವ ಪಡೆದರು. 1933ರಲ್ಲಿ ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಬಾಯಿ ನೋಡುವ ವೈದ್ಯರು ಬಾಯಿಯನ್ನು ನೋಡುತ್ತಾರೆ, ಕಣ್ಣಿನ ವೈದ್ಯರು ಕಣ್ಣನ್ನು. ಇವೆಲ್ಲ ಒಂದೇ ರೋಗದ ಲಕ್ಷಣಗಳಿರಬಹುದೇ ಎಂದು ಕೇಳುವವರು ಯಾರು? ಬೆಹ್ಚೆಟ್ ಕೇಳಿದರು. ತಮ್ಮ ರೋಗಿಯನ್ನು ಹಲವು ವರ್ಷ ಬಿಡದೆ ಗಮನಿಸಿದರು. 1930ರಲ್ಲಿ ಒಬ್ಬರು, 1936ರಲ್ಲಿ ಇನ್ನೊಬ್ಬರು ಇಂಥದೇ ಲಕ್ಷಣಗಳೊಂದಿಗೆ ಬಂದಾಗ ಅವರ ಊಹೆ ಬಲವಾಯಿತು. 1937ರಲ್ಲಿ ಇದೊಂದು ಪ್ರತ್ಯೇಕ ರೋಗವೆಂದು ಬರೆದು ಪ್ರಕಟಿಸಿದರು. ಗ್ರೀಸ್‌ನ ಕಣ್ಣಿನ ವೈದ್ಯ ಅಡಮಾಂಟಿಯಾಡಿಸ್ ಅವರೂ 1931ರಲ್ಲೇ ಇಂಥ ರೋಗಿಯ ಬಗ್ಗೆ ಬರೆದಿದ್ದರು. ಹಾಗಾಗಿ ಕೆಲವರು ಇಬ್ಬರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಅದು ನ್ಯಾಯವೇ.

ಎಲ್ಲ ವೈದ್ಯರೂ ಕೂಡಲೇ ಒಪ್ಪಲಿಲ್ಲ. 1947ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಪ್ರಾಧ್ಯಾಪಕ ಮೀಷರ್ ಅವರು ಈ ರೋಗಕ್ಕೆ ಬೆಹ್ಚೆಟ್ ಹೆಸರನ್ನೇ ಇಡಲು ಸೂಚಿಸಿದರು. ಮರುವರ್ಷ, 1948ರ ಮಾರ್ಚ್ 8ರಂದು ಬೆಹ್ಚೆಟ್ ತೀರಿಕೊಂಡರು.

ರೋಗಕ್ಕೆ ವೈರಸ್ ಕಾರಣವಿರಬೇಕೆಂದು ಅವರು ಭಾವಿಸಿದ್ದರು. ಅದು ಇಂದಿಗೂ ಸಿದ್ಧವಾಗಿಲ್ಲ. ಇದು ರಕ್ತನಾಳಗಳ ಉರಿಯೂತವೆಂದು ಈಗ ತಿಳಿದಿದೆ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಹದ ತಪ್ಪಿ ನಾಳಗಳ ಗೋಡೆಯನ್ನು ಕೆಡಿಸುತ್ತದೆ. ರಕ್ತನಾಳವಿಲ್ಲದ ಅಂಗವುಂಟೇ? ಬಾಯಿ, ಚರ್ಮ, ಕಣ್ಣು, ಕೀಲು ಎಲ್ಲೆಡೆ ತೊಂದರೆ ಕಾಣುವುದು ಅದಕ್ಕೇ. ಟರ್ಕಿಯಿಂದ ಜಪಾನಿನವರೆಗೆ, ಹಳೆಯ ರೇಷ್ಮೆ ವ್ಯಾಪಾರದ ದಾರಿಯುದ್ದಕ್ಕೂ ಈ ರೋಗ ಹೆಚ್ಚು. ಆದರೆ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ.

ಕೂದಲಿಗಿಂತ ಸಣ್ಣದಾದ ಲೋಮನಾಳಗಳನ್ನು ನೋಡುವುದು ಹೇಗೆ? ನಿಮ್ಮ ಉಗುರಿನ ಬುಡದ ಚರ್ಮವನ್ನು ನೋಡಿಕೊಳ್ಳಿ. ಅಲ್ಲಿ ಒಂದು ಹನಿ ಎಣ್ಣೆ ಹಾಕಿ ಸೂಕ್ಷ್ಮದರ್ಶಕ ಹಿಡಿದರೆ ಲೋಮನಾಳಗಳು ಹೇರ್‌ಪಿನ್ನಿನಂತೆ ಬಾಗಿ ಸಾಲಾಗಿ ನಿಂತಿರುವುದು ಕಾಣುತ್ತದೆ. ಈ ರೋಗವಿರುವ ಕೆಲವರಲ್ಲಿ ಅವು ಹಿಗ್ಗಿರುತ್ತವೆ, ಪಕ್ಕದಲ್ಲಿ ರಕ್ತ ಒಸರಿದ ಚುಕ್ಕೆಗಳಿರುತ್ತವೆ.

ಕಣ್ಣಿನ ಪರೀಕ್ಷೆ ಇನ್ನೂ ಮುಖ್ಯ. ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣವನ್ನು ಚುಚ್ಚುತ್ತಾರೆ. ಅದು ರಕ್ತದೊಡನೆ ಹರಿದು ಕಣ್ಣಿನ ಹಿಂಭಾಗದ ಪರದೆಯನ್ನು ತಲುಪುತ್ತಿದ್ದಂತೆ ಫೋಟೋ ತೆಗೆಯುತ್ತಾರೆ. ಆರೋಗ್ಯವಾಗಿರುವ ನಾಳದಲ್ಲಿ ಬಣ್ಣ ಒಳಗೇ ಉಳಿಯುತ್ತದೆ. ಉರಿಯೂತವಿದ್ದರೆ, ತೂತುಬಿದ್ದ ಪೈಪಿನಿಂದ ನೀರು ಜಿನುಗುವಂತೆ ಹೊರಗೆ ಸೋರುತ್ತದೆ. ತನಗೆ ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ರೋಗಿ ಹೇಳುತ್ತಿರುವಾಗಲೂ ಈ ಸೋರಿಕೆ ಕಾಣಬಹುದು. ಆಗಲೇ ಔಷಧಿ ಶುರು ಮಾಡಿದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು.