ಸಂಜೆಮಲ್ಲಿಗೆಯ ಕಾರ್ಲ್ ಕೊರೆನ್ಸ್

ಹತ್ತನೇ ತರಗತಿಯ ಅನುವಂಶೀಯತೆ ಪಾಠ ಮಾಡಿದ ನಮಗೆಲ್ಲ ಮೆಂಡಲ್ ಪರಿಚಿತರು. ಆ ಮೆಂಡಲ್ ಅವರನ್ನು ಮರೆವಿನಿಂದ ಮೇಲೆತ್ತಿದವರಲ್ಲಿ ಒಬ್ಬರು ಕಾರ್ಲ್ ಕೊರೆನ್ಸ್. ಮೆಂಡಲ್ ನಿಯಮಕ್ಕೆ ಒಗ್ಗದ ಅನುವಂಶೀಯತೆಯನ್ನು ಮೊದಲು ತೋರಿಸಿಕೊಟ್ಟವರಲ್ಲಿಯೂ ಅವರು ಒಬ್ಬರು. ಅದಕ್ಕೆ ಅವರು ಬಳಸಿದ ಗಿಡ ನಮ್ಮೂರಿನ ಅಂಗಳಗಳಲ್ಲಿ ತಾನಾಗಿ ಹುಟ್ಟುವ ಸಂಜೆಮಲ್ಲಿಗೆ.

ಕೊರೆನ್ಸ್ ಹುಟ್ಟಿದ್ದು 1864ರ ಸೆಪ್ಟೆಂಬರ್ 19ರಂದು, ಜರ್ಮನಿಯ ಮ್ಯೂನಿಕ್ ನಗರದಲ್ಲಿ. ತಂದೆ ಚಿತ್ರಕಾರರು, ತಾಯಿ ಸ್ವಿಟ್ಜರ್ಲೆಂಡಿನವರು. ಒಬ್ಬನೇ ಮಗ. ಎಳವೆಯಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡು, ಸ್ವಿಟ್ಜರ್ಲೆಂಡಿನಲ್ಲಿ ಬಂಧುವೊಬ್ಬರ ಆಸರೆಯಲ್ಲಿ ಬೆಳೆದರು. 1885ರಲ್ಲಿ ಮ್ಯೂನಿಕ್ ವಿಶ್ವವಿದ್ಯಾನಿಲಯ ಸೇರಿದರು. ಅಲ್ಲಿ ಅವರನ್ನು ಸಸ್ಯಶಾಸ್ತ್ರದ ಕಡೆಗೆ ತಿರುಗಿಸಿದವರು ಕಾರ್ಲ್ ನೇಗೆಲಿ. ಮೆಂಡಲ್ ತಮ್ಮ ಬಟಾಣಿ ಪ್ರಯೋಗಗಳ ಬಗ್ಗೆ ವರ್ಷಗಟ್ಟಲೆ ಪತ್ರ ಬರೆದದ್ದು, ಆದರೆ ಅದರ ಮಹತ್ವ ಹೊಳೆಯದೇ ಹೋದದ್ದು ಇದೇ ನೇಗೆಲಿಯವರಿಗೆ. ಕೊರೆನ್ಸ್ ಮುಂದೆ ನೇಗೆಲಿಯವರ ಸಂಬಂಧಿಕರ ಮಗಳು ಎಲಿಸಬೆತ್ ವಿಡ್ಮರ್ ಅವರನ್ನು ಮದುವೆಯಾದರು. ನೇಗೆಲಿಯವರ ಕಾಗದಪತ್ರಗಳ ನಡುವೆ ಉಳಿದಿದ್ದ ಮೆಂಡಲ್ ಪತ್ರಗಳನ್ನು 1905ರಲ್ಲಿ ಅಚ್ಚು ಹಾಕಿಸಿದವರೂ ಅವರೇ.

1892ರಿಂದ ಟ್ಯೂಬಿಂಗನ್‌ನಲ್ಲಿ ಅಧ್ಯಾಪಕರಾಗಿದ್ದ ಕೊರೆನ್ಸ್ ಮೆಕ್ಕೆಜೋಳ ಮತ್ತು ಬಟಾಣಿಗಳಲ್ಲಿ ತಳಿಸಂಕರ ಮಾಡುತ್ತಿದ್ದರು. 1900ರ ಏಪ್ರಿಲ್ 21ರಂದು ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಅವರ ಲೇಖನ ಅಂಚೆಯಲ್ಲಿ ಬಂತು. ಕೊರೆನ್ಸ್ ಕಂಡುಕೊಂಡಿದ್ದ ಅದೇ ಅನುಪಾತ ಅದರಲ್ಲಿತ್ತು, ಮೆಂಡಲ್ ಹೆಸರು ಮಾತ್ರ ಇರಲಿಲ್ಲ. ಎರಡು ದಿನಗಳೊಳಗೆ ಕೊರೆನ್ಸ್ ತಮ್ಮ ಲೇಖನ ಬರೆದು ಕಳುಹಿಸಿದರು. ಅದರ ಶೀರ್ಷಿಕೆಯಲ್ಲಿಯೇ ಮೆಂಡಲ್ ಹೆಸರಿಟ್ಟರು. ತಾನು ಮೊದಲಿಗನಾಗಲು ಸಾಧ್ಯವಿಲ್ಲವೆಂದು ಗೊತ್ತಾದ ಮೇಲೆ, ಡಿ ವ್ರೀಸ್ ಅವರೂ ಮೊದಲಿಗರಾಗದಂತೆ ಮಾಡಿದರು ಎಂದು ಕೆಲವರು ಹೇಳುವುದುಂಟು. ಇರಬಹುದು. ಆದರೂ ಕೀರ್ತಿ ಸೇರಬೇಕಾದವರಿಗೇ ಸೇರಿತು.

ಈ ಕಥೆಗೆ ಇನ್ನೊಂದು ಮುಖವಿದೆ. 1899ರ ಶರತ್ಕಾಲದಲ್ಲಿ ಬಟಾಣಿಯ ಅನುಪಾತದ ಅರ್ಥ ತನಗೆ ಒಮ್ಮೆಲೇ ಹೊಳೆಯಿತು, ಮೆಂಡಲ್ ಲೇಖನ ಓದಿದ್ದು ಆಮೇಲೆ ಎಂದು ಕೊರೆನ್ಸ್ ನಂತರ ಬರೆದುಕೊಂಡಿದ್ದರು. ಅವರ ಟಿಪ್ಪಣಿಗಳನ್ನು ಪರಿಶೀಲಿಸಿದ ಇತಿಹಾಸಕಾರ ಹಾನ್ಸ್ ಯೋರ್ಗ್ ರೈನ್‌ಬರ್ಗರ್ ಅವರಿಗೆ 1896ರ ಏಪ್ರಿಲ್‌ನಲ್ಲಿಯೇ ಆ ಲೇಖನ ಓದಿ ಮಾಡಿಕೊಂಡ ಗುರುತು ಸಿಕ್ಕಿತು. ಕೊರೆನ್ಸ್ ಸುಳ್ಳು ಹೇಳಿದರೆಂದು ನನಗನ್ನಿಸುವುದಿಲ್ಲ. ಪರೀಕ್ಷೆಗೆಂದು ಓದಿದ ಅಧ್ಯಾಯ ಪಾಠಯೋಜನೆ ಬರೆಯುವಾಗ ಹೊಸದಾಗಿ ಕಾಣುವುದು ನಮಗೆ ತಿಳಿಯದ ಸಂಗತಿಯೇನಲ್ಲ. ಓದಿದ್ದು ಮನಸ್ಸಿನ ಮೂಲೆಯಲ್ಲಿ ಬಿದ್ದಿರುತ್ತದೆ. ಸ್ವಂತ ಲೆಕ್ಕ ಎದುರಿಗೆ ಬಂದಾಗಲೇ ಅರ್ಥ ಬಿಡುತ್ತದೆ.

1902ರಲ್ಲಿ ಅವರು ಲೈಪ್‌ಝಿಗ್‌ಗೆ, 1909ರಲ್ಲಿ ಮ್ಯುನ್‌ಸ್ಟರ್‌ಗೆ ಹೋದರು. ಈ ವರ್ಷಗಳ ಕೆಲಸವೇ ಸಂಜೆಮಲ್ಲಿಗೆಯದು. ಕೆಂಪು ಹೂವಿನ ಗಿಡಕ್ಕೂ ಬಿಳಿ ಹೂವಿನ ಗಿಡಕ್ಕೂ ಸಂಕರ ಮಾಡಿದರೆ ಗುಲಾಬಿ ಬಣ್ಣ ಬರುವ ಅಪೂರ್ಣ ಪ್ರಬಲತೆಯ ಉದಾಹರಣೆ ಅವರದೇ. ಆದರೆ ಅವರ ಕಣ್ಣು ಎಲೆಗಳ ಮೇಲೂ ಬಿತ್ತು. ಒಂದು ಬಗೆಯ ಸಂಜೆಮಲ್ಲಿಗೆಯಲ್ಲಿ ಕೆಲವು ಗೆಲ್ಲುಗಳು ಪೂರ್ತಿ ಹಸಿರು, ಕೆಲವು ಪೂರ್ತಿ ಬಿಳಿ, ಉಳಿದವು ಹಸಿರು ಬಿಳಿ ಮಚ್ಚೆಯವು. ಮೂರು ಬಗೆಯ ಗೆಲ್ಲುಗಳಲ್ಲಿಯೂ ಹೂ ಬಿಡುತ್ತದೆ.

ಕೆಲಸ ಸುಲಭದ್ದಲ್ಲ. ಹೂ ಅರಳುವುದು ಸಂಜೆಗೆ. ಅದಕ್ಕೆ ಮುಂಚೆ ಮೊಗ್ಗು ಬಿಡಿಸಿ ಪುಂಕೇಸರ ತೆಗೆಯಬೇಕು, ಬೇಕಾದ ಗೆಲ್ಲಿನ ಪರಾಗ ತಂದು ಶಲಾಕಾಗ್ರಕ್ಕೆ ಮುಟ್ಟಿಸಬೇಕು. ಇಷ್ಟು ಮಾಡಿದರೆ ಒಂದು ಹೂವಿಗೆ ಸಿಗುವುದು ಕರಿಮೆಣಸಿನಂಥ ಒಂದೇ ಒಂದು ಬೀಜ. ಹೀಗೆ ಬೀಜ ಕೂಡಿಸಿ ಬಿತ್ತಿದಾಗ ಕಂಡದ್ದು ಇಷ್ಟು: ಹಸಿರು ಗೆಲ್ಲಿನ ಹೂವಿಗೆ ಯಾವ ಗೆಲ್ಲಿನ ಪರಾಗ ಹಾಕಿದರೂ ಸಸಿಗಳೆಲ್ಲ ಹಸಿರು. ಬಿಳಿ ಗೆಲ್ಲಿನ ಹೂವಿಗೆ ಯಾವುದನ್ನು ಹಾಕಿದರೂ ಸಸಿಗಳೆಲ್ಲ ಬಿಳಿ. ಪತ್ರಹರಿತ್ತು ಇಲ್ಲದ ಅವು ಬೀಜದೊಳಗಿನ ಆಹಾರ ಮುಗಿಯುವವರೆಗೆ ಬದುಕಿ ಸತ್ತವು. ಮಚ್ಚೆ ಗೆಲ್ಲಿನ ಹೂವಿನಿಂದ ಮೂರೂ ಬಗೆಯ ಸಸಿಗಳು ಬಂದವು. ಬಟಾಣಿಯಲ್ಲಿ ತಾಯಿ ತಂದೆಯನ್ನು ಅದಲುಬದಲು ಮಾಡಿದರೂ ಫಲಿತಾಂಶ ಒಂದೇ. ಇಲ್ಲಿ ಪರಾಗದ ಪಾಲು ಸೊನ್ನೆ. ಮೂರಕ್ಕೆ ಒಂದು ಎಂಬ ಅನುಪಾತದ ಸುಳಿವೇ ಇಲ್ಲ.

ಮೆಂಡಲ್ ನಿಯಮವನ್ನು ಜಗತ್ತಿಗೆ ಸಾರಿದ ವ್ಯಕ್ತಿಗೆ ಇದು ನುಂಗಲಾರದ ತುತ್ತಾಗಬಹುದಿತ್ತು. ಕೊರೆನ್ಸ್ ಅದನ್ನು ಮುಚ್ಚಿಡಲಿಲ್ಲ, 1909ರಲ್ಲಿ ಪ್ರಕಟಿಸಿದರು. ಪರಾಗ ಅಂಡಕ್ಕೆ ಕೊಡುವುದು ಮುಖ್ಯವಾಗಿ ಕೋಶಕೇಂದ್ರವನ್ನು, ಕೋಶದ್ರವ್ಯ ತಾಯಿಯದೇ; ಆದ್ದರಿಂದ ಈ ಗುಣ ಕೋಶದ್ರವ್ಯದಲ್ಲಿದೆ ಎಂದರು. ಆದರೆ ಕೋಶದ್ರವ್ಯದ ಅಸ್ವಸ್ಥತೆಯಿಂದ ಎಲೆ ಬಿಳಿಯಾಗುತ್ತದೆ ಎಂಬುದು ಅವರ ವಿವರಣೆ. ಅದೇ ವರ್ಷ ಪೆಲಾರ್ಗೋನಿಯಂ ಗಿಡದ ಮೇಲೆ ಬರೆದ ಎರ್ವಿನ್ ಬೌರ್, ಬಣ್ಣದ ಕಣಗಳೇ ತಮ್ಮ ಗುಣವನ್ನು ತಾವೇ ಸಾಗಿಸುತ್ತವೆ ಎಂದರು. ಗೆದ್ದದ್ದು ಬೌರ್ ವಾದ. 1960ರ ದಶಕದ ಆರಂಭದಲ್ಲಿ ಕ್ಲೋರೋಪ್ಲಾಸ್ಟ್ ಮತ್ತು ಮೈಟೋಕಾಂಡ್ರಿಯಗಳೊಳಗೆ ಸ್ವಂತ ಡಿಎನ್‌ಎ ಇರುವುದು ಖಚಿತವಾಯಿತು. ಭತ್ತದ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು 1989ರಲ್ಲಿ ಪೂರ್ತಿ ಓದಿದರು. ಅದರ ಉದ್ದ ಸುಮಾರು 1,34,500 ಜೋಡಿ ಅಕ್ಷರ.

ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು, ಇದು ನಮ್ಮ ಬಳಿಯ ಹಾಗೆಯಾ ಟೀಚರ್ ಎಂದು ಕೇಳಿದಳು. ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಬಳಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಗಂಡುಮಕ್ಕಳಿಗೂ ಅದೇ ಬಳಿ, ಆದರೆ ಅವರ ಮಕ್ಕಳಿಗೆ ಅದು ಹೋಗುವುದಿಲ್ಲ. ಇದಕ್ಕಿಂತ ಒಳ್ಳೆಯ ಹೋಲಿಕೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಆದರೆ ಎಲ್ಲ ಗಿಡಗಳೂ ಅಳಿಯಕಟ್ಟಿನವಲ್ಲ. ಪೈನ್ ಜಾತಿಯ ಮರಗಳಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ಪರಾಗದಿಂದ. ನಮ್ಮ ಬಾಳೆಯದು ಇನ್ನೂ ವಿಚಿತ್ರ: ಕ್ಲೋರೋಪ್ಲಾಸ್ಟ್ ತಾಯಿಯಿಂದ, ಮೈಟೋಕಾಂಡ್ರಿಯ ತಂದೆಯಿಂದ. ಆದ್ದರಿಂದ ಬಾಳೆಯ ತಳಿಯೊಂದಕ್ಕೆ ತಾಯಿ ಯಾವುದು, ತಂದೆ ಯಾವುದು ಎಂದು ಬೇರೆ ಬೇರೆಯಾಗಿ ಹುಡುಕಬಹುದು. ಯುರೋಪಿನ ಓಕ್ ಮರಗಳಲ್ಲಿ ಇದೇ ಉಪಾಯದಿಂದ, ಹಿಮಯುಗ ಮುಗಿದ ಮೇಲೆ ಕಾಡು ಯಾವ ದಿಕ್ಕಿನಿಂದ ಹಬ್ಬಿತು ಎಂದು ಪತ್ತೆ ಮಾಡಿದ್ದಾರೆ. ಪರಾಗ ಗಾಳಿಯಲ್ಲಿ ದೂರ ಹೋಗುತ್ತದೆ, ಬೀಜ ಅಷ್ಟು ದೂರ ಹೋಗದು; ತಾಯಿಯ ಡಿಎನ್‌ಎ ಬೀಜದ ಜೊತೆಯಲ್ಲೇ ನಡೆಯುತ್ತದೆ.

ಕೊರೆನ್ಸ್ 1914ರ ಹೊತ್ತಿಗೆ ಬರ್ಲಿನ್‌ನ ಡಾಲೆಮ್‌ನಲ್ಲಿ ಹೊಸದಾಗಿ ಆರಂಭವಾದ ಕೈಸರ್ ವಿಲ್‌ಹೆಲ್ಮ್ ಜೀವಶಾಸ್ತ್ರ ಸಂಸ್ಥೆಯ ಮೊದಲ ನಿರ್ದೇಶಕರಾದರು. ಕೊನೆಯವರೆಗೂ ಅಲ್ಲೇ ಇದ್ದರು. ತೀರಿಕೊಂಡದ್ದು 1933ರ ಫೆಬ್ರವರಿ 14ರಂದು, ಹಿಟ್ಲರ್ ಅಧಿಕಾರಕ್ಕೆ ಬಂದು ಎರಡೇ ವಾರಗಳಾಗಿದ್ದಾಗ. ಅವರ ಅಪ್ರಕಟಿತ ಬರಹಗಳಲ್ಲಿ ಬಹಳಷ್ಟು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು.

ಅವರು ಗುರುತಿಸಿದ ತಾಯಿಪಾಲಿನ ಮೇಲೆ ಇಂದು ನಮ್ಮ ಗದ್ದೆಗಳೂ ನಿಂತಿವೆ. ಮೈಟೋಕಾಂಡ್ರಿಯದ ಡಿಎನ್‌ಎಯಲ್ಲಿ ಒಂದು ಬಗೆಯ ಬದಲಾವಣೆಯಾದರೆ ಗಿಡಕ್ಕೆ ಪರಾಗ ಕಟ್ಟುವುದಿಲ್ಲ, ಬೀಜ ಮಾತ್ರ ಕಟ್ಟುತ್ತದೆ. ಅಂಥ ತಾಯಿಗಿಡಕ್ಕೆ ಪುಂಕೇಸರ ಕೀಳುವ ಕೆಲಸವೇ ಇಲ್ಲ. ಪಕ್ಕದ ಸಾಲಿನಲ್ಲಿ ಬೇರೆ ತಳಿ ನೆಟ್ಟರೆ ಸಂಕರ ಬೀಜ ಸಿದ್ಧ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ 1980ರ ಸೂರ್ಯಕಾಂತಿ ಬಿಎಸ್‌ಎಚ್-1, ಮಂಡ್ಯದಲ್ಲಿ ಬೆಳೆಸಿ 1996ರಲ್ಲಿ ಬಿಡುಗಡೆ ಮಾಡಿದ ಭತ್ತ ಕೆಆರ್‌ಎಚ್-2 ಎರಡೂ ಹೀಗೆ ಬಂದವು. ಇದರಲ್ಲಿ ಅಪಾಯವೂ ಉಂಟು. ಅಮೆರಿಕದಲ್ಲಿ ಮೆಕ್ಕೆಜೋಳದ ಹೆಚ್ಚಿನ ಹೊಲಗಳಲ್ಲಿ ಒಂದೇ ತಾಯಿಯ ಮೈಟೋಕಾಂಡ್ರಿಯ ತುಂಬಿಕೊಂಡಿತ್ತು. ಅದನ್ನೇ ಹಿಡಿಯುವ ಶಿಲೀಂಧ್ರ ರೋಗ 1970ರಲ್ಲಿ ಬಂದಾಗ ದೇಶದ ಬೆಳೆಯಲ್ಲಿ ಸುಮಾರು ನೂರಕ್ಕೆ 15 ಪಾಲು ಹಾಳಾಯಿತು.

ಪಾಠಕ್ಕೆ ಸಂಜೆಮಲ್ಲಿಗೆ ಒಯ್ಯುವವರಿಗೆ ಒಂದು ಸೂಚನೆ: ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಹೂವಿನಲ್ಲಿ ಎರಡು ಬಣ್ಣ ಬೆರೆತ ಗಿಡ. ಅದು ಬೇರೆಯೇ ಸಂಗತಿ. ಕೊರೆನ್ಸ್ ನೋಡಿದ್ದು ಎಲೆಯ ಮಚ್ಚೆಯನ್ನು. ಅಂಥ ಗಿಡ ಸಿಗದಿದ್ದರೆ ಚಾರ್ಟಿನಲ್ಲಿ ಮೂರು ಗೆಲ್ಲು ಬರೆದು, ಪ್ರತಿ ಗೆಲ್ಲಿನ ಹೂವಿಗೆ ಮೂರು ಬಗೆಯ ಪರಾಗದ ಬಾಣ ಹಾಕಿ, ಒಂಬತ್ತು ಸಂಕರಗಳ ಸಸಿಗಳಿಗೆ ಮಕ್ಕಳಿಂದಲೇ ಬಣ್ಣ ತುಂಬಿಸಬಹುದು.