ಹೆಪ್ಪುಗಟ್ಟುವ ನೆಲದಲ್ಲಿ ದ್ರಾಕ್ಷಿ ಬೆಳೆದ ಡಾ. ಕಾನ್‌ಸ್ಟಂಟಿನ್ ಫ್ರಾಂಕ್

ದ್ರಾಕ್ಷಿ ಎಂದೊಡನೆ ನಮ್ಮ ರೈತರಿಗೆ ನೆನಪಾಗುವುದು ಬಿಸಿಲು. ವಿಜಯಪುರ, ಬಾಗಲಕೋಟೆಗಳ ಒಣ ಹವೆಯಲ್ಲಿ ಬಳ್ಳಿ ಹೇಗೆ ಹಬ್ಬುತ್ತದೆ ಎಂಬುದನ್ನು ನೀವು ಬಲ್ಲಿರಿ. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಎಲೆಯೇ ಇಲ್ಲದೆ, ನೆಲ ಕಲ್ಲಿನಂತೆ ಹೆಪ್ಪುಗಟ್ಟಿ, ಬಳ್ಳಿಯ ಮೇಲೆ ಹಿಮ ಬೀಳುವ ಸೀಮೆಯಲ್ಲಿಯೂ ದ್ರಾಕ್ಷಿ ಬೆಳೆಯುತ್ತದೆ. ಅದರಿಂದ ಲೋಕ ಮೆಚ್ಚುವ ವೈನ್ ತಯಾರಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಅಂತಹ ಒಂದು ಸೀಮೆ. ಅಲ್ಲಿ ಯುರೋಪಿನ ಉತ್ತಮ ದ್ರಾಕ್ಷಿ ಬೆಳೆಯುವುದೇ ಇಲ್ಲವೆಂದು ಎಲ್ಲರೂ ಕೈಬಿಟ್ಟಿದ್ದ ಕಾಲದಲ್ಲಿ, ಬೆಳೆದು ತೋರಿಸಿದವರು ಡಾ. ಕಾನ್‌ಸ್ಟಂಟಿನ್ ಫ್ರಾಂಕ್. ಅವರ ಬದುಕು ಪ್ರತಿಯೊಬ್ಬ ರೈತನೂ ತಿಳಿಯಬೇಕಾದದ್ದು.

ಉಕ್ರೇನಿನ ಚಳಿಯಲ್ಲಿ ಕಲಿತ ವಿದ್ಯೆ

ಫ್ರಾಂಕ್ ಹುಟ್ಟಿದ್ದು 1899ರ ಜುಲೈ 4ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದ ಸಮೀಪ. ಆಗ ಅದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಉಕ್ರೇನ್ ದೇಶದಲ್ಲಿದೆ. ಅವರದು ಹಿಂದೆಯೇ ಅಲ್ಲಿಗೆ ವಲಸೆ ಬಂದು ನೆಲೆಸಿದ್ದ ಜರ್ಮನ್ ಮೂಲದವರ ಮನೆತನ. ಒಡೆಸ್ಸಾದಲ್ಲಿ ಕೃಷಿ ವಿದ್ಯೆ ಕಲಿತ ಫ್ರಾಂಕ್, ಚಳಿ ಪ್ರದೇಶದಲ್ಲಿ ಯುರೋಪಿನ ದ್ರಾಕ್ಷಿಯನ್ನು ಬೆಳೆಸುವ ವಿಧಾನಗಳ ಮೇಲೆಯೇ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು.

ನೀಪರ್ ನದಿಯ ದಂಡೆಯಲ್ಲಿದ್ದ ಟ್ರುಬೆಟ್‌ಸ್ಕೋಯ್ ಎಂಬ ದೊಡ್ಡ ದ್ರಾಕ್ಷಿ ತೋಟದ ಹೊಣೆ ಅವರ ಪಾಲಿಗೆ ಬಂತು. ಆ ತೋಟಕ್ಕೆ ಎರಡು ಶತ್ರುಗಳು. ಒಂದು, ಬೇರು ಹೀರುವ ಫಿಲಾಕ್ಸೆರಾ ಎಂಬ ಹೇನು. ಇನ್ನೊಂದು, ಕಡುಚಳಿ. ಹೇನಿಗೆ ಮದ್ದು ಕಸಿ: ಹೇನನ್ನು ತಾಳಬಲ್ಲ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ಉತ್ತಮ ತಳಿಯ ಕುಡಿಯನ್ನು ಕೂಡಿಸುವುದು. ಚಳಿಗೆ ಮದ್ದು ಮಣ್ಣು: ಚಳಿಗಾಲಕ್ಕೆ ಮುನ್ನ ಬಳ್ಳಿಯನ್ನು ಮಣ್ಣಿನಡಿ ಮುಚ್ಚಿ, ವಸಂತದಲ್ಲಿ ಬಿಡಿಸುವುದು. ಈ ಕೆಲಸ ಕೈಯಿಂದ ಮಾಡಿ ಪೂರೈಸದೆಂದು ಅದಕ್ಕೆ ತಕ್ಕ ನೇಗಿಲನ್ನೂ ಫ್ರಾಂಕ್ ರೂಪಿಸಿದರು.

ಎರಡನೆಯ ಮಹಾಯುದ್ಧ ಈ ಎಲ್ಲವನ್ನೂ ಕಸಿದುಕೊಂಡಿತು. ಕುಟುಂಬದೊಡನೆ ಊರು ಬಿಟ್ಟ ಅವರು ಆಸ್ಟ್ರಿಯಾ ಮತ್ತು ಜರ್ಮನಿಗಳಲ್ಲಿ ಕೆಲವು ವರ್ಷ ಕಳೆದು, 1951ರಲ್ಲಿ ಅಮೆರಿಕ ಸೇರಿದರು.

ಐವತ್ತೆರಡರಲ್ಲಿ ಮತ್ತೆ ಮೊದಲಿನಿಂದ

ಆಗ ಅವರ ವಯಸ್ಸು ಸುಮಾರು 52. ಹಲವು ಭಾಷೆ ಬಲ್ಲವರಾಗಿದ್ದರೂ ಇಂಗ್ಲಿಷ್ ಬಾರದು. ಜೇಬಿನಲ್ಲಿ ಹಣವಿಲ್ಲ, ಹೆಂಡತಿ, ಮೂವರು ಮಕ್ಕಳ ಹೊಣೆ ಬೇರೆ. ದೊಡ್ಡ ತೋಟವನ್ನು ನಡೆಸಿದ್ದ, ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದ ಈ ಮನುಷ್ಯ ನ್ಯೂಯಾರ್ಕ್ ನಗರದ ಹೋಟೆಲಿನಲ್ಲಿ ಪಾತ್ರೆ ತೊಳೆದು ದುಡಿದರು. ಕೂಡಿಟ್ಟ ಹಣದಲ್ಲಿ ಟಿಕೆಟ್ ಕೊಂಡು ಅದೇ ರಾಜ್ಯದ ಜಿನೀವಾ ಎಂಬ ಊರಿನ ಕೃಷಿ ಪ್ರಯೋಗ ಕೇಂದ್ರಕ್ಕೆ ಹೋದರು. ಅಲ್ಲಿ ಸಿಕ್ಕಿದ್ದು ಹಣ್ಣಿನ ಗಿಡಗಳ ನಡುವೆ ಕಳೆ ಕೀಳುವ ಕೆಲಸ.

ಆ ಸೀಮೆಯಲ್ಲಿ ಆಗ ಬೆಳೆಯುತ್ತಿದ್ದವು ಕಾಂಕಾರ್ಡ್, ಕಟಾಬಾ, ಡೆಲವೇರ್, ಇಸಾಬೆಲ್ಲಾ ಮುಂತಾದ ಅಮೆರಿಕದ ನೆಲದ ರಕ್ತವಿರುವ ತಳಿಗಳು. ಇವುಗಳ ವಾಸನೆ ಹೇಗಿರುತ್ತದೆ ಎಂದು ತಿಳಿಯಲು ನೀವು ದೂರ ಹೋಗಬೇಕಿಲ್ಲ. ನಮ್ಮ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಬೆಂಗಳೂರು ಬ್ಲೂ ದ್ರಾಕ್ಷಿಯೂ ಇದೇ ಬಳಗದ್ದು. ಬಾಯಿಗಿಟ್ಟೊಡನೆ ಮೂಗಿಗೆ ಹೊಡೆಯುವ ಆ ಘಾಟೇ ಅದರ ಗುರುತು. ರಸಕ್ಕೆ, ಜಾಮಿಗೆ ಇದು ಒಳ್ಳೆಯದು. ಆದರೆ ನಯವಾದ ವೈನಿಗೆ ಬೇಕಾದದ್ದು ಯುರೋಪಿನ ವಿನಿಫೆರಾ ಜಾತಿಯ ರೀಸ್ಲಿಂಗ್, ಶಾರ್ಡೊನೆ, ಪಿನೋ ನ್ವಾರ್ ಮುಂತಾದವು.

ಈ ತಳಿಗಳನ್ನು ಅಮೆರಿಕದ ಪೂರ್ವ ಭಾಗದಲ್ಲಿ ನೆಡುವ ಯತ್ನ 1600ರ ದಶಕದಿಂದಲೂ ನಡೆದಿತ್ತು. ಮುಂದೆ ರಾಷ್ಟ್ರಾಧ್ಯಕ್ಷರಾದ ಥಾಮಸ್ ಜೆಫರ್‌ಸನ್ ಕೂಡ ವರ್ಜೀನಿಯಾದ ತಮ್ಮ ತೋಟದಲ್ಲಿ ನೆಟ್ಟು ಸೋತಿದ್ದರು. ನೆಟ್ಟವೆಲ್ಲ ಒಣಗಿಹೋದವು. ಚಳಿಯೇ ಕಾರಣವೆಂದು ಜನ ನಂಬಿದರು.

ಫ್ರಾಂಕ್ ಈ ಮಾತನ್ನು ಒಪ್ಪಲಿಲ್ಲ. ಇದಕ್ಕಿಂತ ಕಡುಚಳಿಯಲ್ಲಿ ಅವರು ಇದೇ ತಳಿಗಳನ್ನು ಬೆಳೆದಿದ್ದರು. ಬಳ್ಳಿ ಸತ್ತದ್ದಕ್ಕೆ ಚಳಿಯೊಂದೇ ಕಾರಣವಲ್ಲ. ಅಮೆರಿಕದ ನೆಲದಲ್ಲೇ ಇರುವ ಬೇರಿನ ಹೇನು, ಬೂದಿ ರೋಗ, ಬೂಜು ರೋಗಗಳು ಮೊದಲು ಬಳ್ಳಿಯನ್ನು ಬಳಲಿಸುತ್ತವೆ, ಬಳಲಿದ ಬಳ್ಳಿಯನ್ನು ಚಳಿ ಕೊಲ್ಲುತ್ತದೆ ಎಂಬುದು ಅವರ ತರ್ಕ. ಹೇನಿಗೆ ಕಸಿ ಇದೆ, ರೋಗಕ್ಕೆ ಸಿಂಪಡಣೆ ಇದೆ, ಮತ್ತೇಕೆ ಬೆಳೆಯಬಾರದು? ಆದರೆ ಕಳೆ ಕೀಳುವ ಕೂಲಿಯ ಮಾತಿಗೆ ಬೆಲೆ ಕೊಡುವವರು ಯಾರು?

ಕಿವಿಗೊಟ್ಟ ಒಬ್ಬ ಫ್ರೆಂಚ್ ಗೆಳೆಯ

ಬೆಲೆ ಕೊಟ್ಟವರು ಚಾರ್ಲ್ಸ್ ಫೂರ್ನಿಯೆ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಪಳಗಿ, 1934ರಲ್ಲಿ ಅಮೆರಿಕಕ್ಕೆ ಬಂದಿದ್ದ ಅವರು ಕ್ಯೂಕಾ ಸರೋವರದ ದಂಡೆಯ ಗೋಲ್ಡ್ ಸೀಲ್ ಎಂಬ ವೈನ್ ಕಂಪನಿಯ ಮುಖ್ಯಸ್ಥರಾಗಿದ್ದರು. ಇಬ್ಬರಿಗೂ ಬರುತ್ತಿದ್ದ ಫ್ರೆಂಚ್ ಭಾಷೆಯಲ್ಲಿ ಮಾತು ಬೆಳೆಯಿತು. ಶಾಂಪೇನ್ ಸೀಮೆಯೂ ಚಳಿಯದೇ ಆದ್ದರಿಂದ ಫೂರ್ನಿಯೆಗೆ ಫ್ರಾಂಕ್‌ರ ತರ್ಕ ಹಿಡಿಸಿತು, ಕೆಲಸ ಕೊಟ್ಟರು.

ಇಬ್ಬರೂ ಮೊದಲು ಹುಡುಕಿದ್ದು ಬೇರನ್ನು. ಊರೂರು ಅಲೆದು, ಚಳಿ ತಾಳುವ ದ್ರಾಕ್ಷಿ ಬೇರುಗಳನ್ನು ಕಲೆಹಾಕಿದರು. ಇನ್ನೂ ಉತ್ತರಕ್ಕಿರುವ ಕೆನಡಾ ದೇಶದ ಕ್ವಿಬೆಕ್‌ನ ಒಂದು ಕ್ರೈಸ್ತ ಮಠದ ತೋಟದಲ್ಲಿ ಪಿನೋ ನ್ವಾರ್ ಬಳ್ಳಿ ಮೂರು ವರ್ಷಕ್ಕೊಮ್ಮೆಯಾದರೂ ಹಣ್ಣು ಮಾಗಿಸುತ್ತಿದ್ದುದನ್ನು ಕಂಡರು. ಅಷ್ಟು ಚಿಕ್ಕ ಬೇಸಿಗೆಯಲ್ಲಿ ಅದು ಬದುಕುವುದಾದರೆ, ಅದರ ಬೇರು ಇಲ್ಲಿ ಇನ್ನೂ ಚೆನ್ನಾಗಿ ನಡೆದೀತು ಎಂದು ಅದನ್ನೂ ತಂದರು. ಮುಂದಿನ ವರ್ಷಗಳಲ್ಲಿ ಸಾವಿರಾರು ಕಸಿ ಕಟ್ಟಿ, ಯಾವ ಬೇರಿಗೆ ಯಾವ ಕುಡಿ, ಯಾವ ಮಣ್ಣಿಗೆ ಯಾವ ಜೋಡಿ ಎಂದು ಒರೆಹಚ್ಚಿದರು.

ಇಲ್ಲಿ ಒಂದು ಮಾತನ್ನು ಗಮನಿಸಿ. ಚಳಿಯನ್ನು ತಾಳುವ ಶಕ್ತಿ ಬಳ್ಳಿಗೆ ಬರುವುದು ಕಡ್ಡಿ ಪಕ್ವವಾದಾಗ. ಹಸಿರು ಕಡ್ಡಿ ಕಂದು ಬಣ್ಣಕ್ಕೆ ತಿರುಗಿ, ನೀರಿನಂಶ ಇಳಿದು, ಪಿಷ್ಟ ತುಂಬಿಕೊಂಡರೆ ಅದರ ಕಣ್ಣುಗಳು ಕಡುಚಳಿಯನ್ನೂ ತಾಳುತ್ತವೆ. ಬೆಳವಣಿಗೆಯನ್ನು ಬೇಗ ನಿಲ್ಲಿಸಿ ಕಡ್ಡಿಯನ್ನು ಬೇಗ ಮಾಗಿಸುವ ಬೇರು ಚಳಿನಾಡಿಗೆ ಬೇಕು. ಫ್ರಾಂಕ್ ಹುಡುಕಿದ್ದು ಅಂತಹ ಬೇರನ್ನೇ. ಏಪ್ರಿಲ್ ಚಾಟ್ನಿಯ ನಂತರ ಕಡ್ಡಿ ಸರಿಯಾಗಿ ಪಕ್ವವಾಗದಿದ್ದರೆ ಅಕ್ಟೋಬರಿನಲ್ಲಿ ಗೊನೆ ಬಾರದೆಂದು ನಮ್ಮ ದ್ರಾಕ್ಷಿ ಬೆಳೆಗಾರರು ಬಲ್ಲರು. ಹವೆ ಬೇರೆಯಾದರೂ ಬಳ್ಳಿಯ ಗುಣ ಒಂದೇ.

1957ರ ಫೆಬ್ರವರಿ: ಪರೀಕ್ಷೆಯ ರಾತ್ರಿಗಳು

ಆ ತಿಂಗಳು ಉಷ್ಣಾಂಶ ಸೊನ್ನೆಗಿಂತ ಸುಮಾರು 32 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಊರಿನ ಗಟ್ಟಿ ತಳಿಗಳೆಂದು ಹೆಸರಾದ ಇಸಾಬೆಲ್ಲಾ, ಡಚೆಸ್ ಬಳ್ಳಿಗಳು, ಕೆಲವೆಡೆ ಕಾಂಕಾರ್ಡ್ ಬಳ್ಳಿಗಳೂ ಹೆಪ್ಪುಗಟ್ಟಿ, ಆ ವರ್ಷ ಫಸಲೇ ಬಿಡಲಿಲ್ಲ. ಆದರೆ ಗಟ್ಟಿ ಬೇರಿನ ಮೇಲೆ ಕಸಿ ಮಾಡಿದ ರೀಸ್ಲಿಂಗ್ ಮತ್ತು ಶಾರ್ಡೊನೆ ಬಳ್ಳಿಗಳಲ್ಲಿ ಹತ್ತರಲ್ಲಿ ಒಂದು ಪಾಲು ಕಣ್ಣೂ ಕೆಡಲಿಲ್ಲ. ಸುಗ್ಗಿಗೆ ಎಕರೆಗೆ 3ರಿಂದ 4 ಟನ್ ಹಣ್ಣು ಬಂತು. ಮುನ್ನೂರು ವರ್ಷಗಳ ನಂಬಿಕೆ ಒಂದು ಚಳಿಗಾಲದಲ್ಲಿ ಕಳಚಿಬಿತ್ತು.

ಹವೆ ಮತ್ತು ಮಣ್ಣು ಏನು ಮಾಡುತ್ತವೆ?

ಫ್ರಾಂಕ್ 1958ರಲ್ಲಿ ಕ್ಯೂಕಾ ಸರೋವರದ ಪಶ್ಚಿಮ ದಂಡೆಯ ಇಳಿಜಾರಿನಲ್ಲಿ ಸ್ವಂತ ಜಮೀನು ಕೊಂಡರು. ಅವರು ಆ ಜಾಗವನ್ನೇ ಆರಿಸಿದ್ದೇಕೆ ಎಂದು ತಿಳಿದರೆ, ಹವೆ ಮತ್ತು ಮಣ್ಣು ವೈನನ್ನು ರೂಪಿಸುವ ಬಗೆಯೂ ತಿಳಿಯುತ್ತದೆ.

ಮೊದಲನೆಯದು, ಸರೋವರ. ಹಿಂದೊಮ್ಮೆ ಹಿಮದ ಭಾರೀ ಬಂಡೆಗಳು ಸರಿದು ಕೊರೆದ ಹನ್ನೊಂದು ಉದ್ದನೆಯ ಸರೋವರಗಳು ಅಲ್ಲಿವೆ. ಬೆರಳುಗಳಂತೆ ಕಾಣುವುದರಿಂದ ಫಿಂಗರ್ ಲೇಕ್ಸ್ ಎಂದು ಹೆಸರು. ಕ್ಯೂಕಾ ಸುಮಾರು 57 ಮೀಟರ್, ಸೆನೆಕಾ ಸುಮಾರು 188 ಮೀಟರ್ ಆಳ. ಇಷ್ಟು ನೀರು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಶರತ್ಕಾಲದಲ್ಲಿ ಬೇಸಿಗೆಯ ಕಾವನ್ನು ನಿಧಾನವಾಗಿ ಬಿಟ್ಟುಕೊಟ್ಟು ಮೊದಲ ಮಂಜುಗಡ್ಡೆಯನ್ನು ಮುಂದೂಡುತ್ತದೆ. ಹಣ್ಣು ಮಾಗಲು ಇನ್ನಷ್ಟು ದಿನ ಸಿಗುತ್ತದೆ. ವಸಂತದಲ್ಲಿ ತಣ್ಣಗಿದ್ದು ಕಣ್ಣು ಅವಸರದಲ್ಲಿ ಒಡೆಯದಂತೆ ತಡೆಯುತ್ತದೆ. ತಡವಾಗಿ ಬೀಳುವ ಹಿಮಕ್ಕೆ ಚಿಗುರು ಸಿಗುವುದಿಲ್ಲ.

ಎರಡನೆಯದು, ಇಳಿಜಾರು. ತಣ್ಣನೆಯ ಗಾಳಿ ಭಾರವಾದದ್ದು. ರಾತ್ರಿ ಅದು ನೀರಿನಂತೆ ತಗ್ಗಿಗೆ ಹರಿಯುತ್ತದೆ. ಇಳಿಜಾರಿನಲ್ಲಿರುವ ಬಳ್ಳಿಯಿಂದ ಅದು ಜಾರಿ ಹೋಗುತ್ತದೆ. ಹೊಂಡದ ಜಮೀನಿನಲ್ಲಿ ನಿಂತು ಕಣ್ಣುಗಳನ್ನು ಸುಡುತ್ತದೆ.

ಮೂರನೆಯದು, ಮಣ್ಣು. ಅಲ್ಲಿನ ದಿಣ್ಣೆಗಳಲ್ಲಿರುವುದು ಪದರಗಲ್ಲು ಒಡೆದು ಆದ, ಆಳವಿಲ್ಲದ, ಚೂರುಕಲ್ಲಿನ ಮಣ್ಣು. ನೀರು ನಿಲ್ಲುವುದಿಲ್ಲ. ಸಾರ ಹೆಚ್ಚಿಲ್ಲ. ಆದ್ದರಿಂದ ಬಳ್ಳಿ ಎಲೆ ಸೊಕ್ಕಿ ಬೆಳೆಯದೆ, ಸಕಾಲದಲ್ಲಿ ಬೆಳವಣಿಗೆ ನಿಲ್ಲಿಸಿ ಹಣ್ಣಿನತ್ತ ತಿರುಗುತ್ತದೆ. ಕಲ್ಲಿನ ರುಚಿ ಬೇರಿನ ಮೂಲಕ ನೇರವಾಗಿ ವೈನಿಗೆ ಇಳಿಯುತ್ತದೆಂದು ಕೆಲವರು ಹೇಳುವುದುಂಟು. ವಿಜ್ಞಾನ ಅದನ್ನು ಒಪ್ಪುವುದಿಲ್ಲ. ಮಣ್ಣು ಕೆಲಸ ಮಾಡುವುದು ನೀರು, ಕಾವು, ಪೋಷಕಾಂಶಗಳನ್ನು ಎಷ್ಟು ಕೊಡಬೇಕೋ ಅಷ್ಟು ಕೊಡುವುದರ ಮೂಲಕ.

ಇನ್ನು ಹಣ್ಣಿನೊಳಗೆ ನಡೆಯುವುದೇನು? ಮಾಗುವಾಗ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಬಿಸಿ ನಾಡಿನಲ್ಲಿ, ಅದರಲ್ಲೂ ರಾತ್ರಿ ಸೆಕೆ ಇರುವಲ್ಲಿ, ಬಳ್ಳಿ ಹಣ್ಣಿನ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಬೇಗ ಕರಗಿಸಿಬಿಡುತ್ತದೆ. ವೈನು ಸಪ್ಪೆಯಾಗುವ ಭಯ. ತಂಪು ನಾಡಿನಲ್ಲಿ ಹುಳಿ ಉಳಿಯುತ್ತದೆ, ಸಕ್ಕರೆ ನಿಧಾನವಾಗಿ ಏರುತ್ತದೆ, ಪರಿಮಳಕ್ಕೆ ಕೂಡಿಬರಲು ಸಮಯ ಸಿಗುತ್ತದೆ. ಒಂದು ಲೀಟರು ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ ಆಗುತ್ತದೆ. ಆದ್ದರಿಂದ ಚಳಿನಾಡಿನ ವೈನಿನಲ್ಲಿ ಮದ್ಯಸಾರ ಕಡಿಮೆ, ಚುರುಕಾದ ಹುಳಿ ಹೆಚ್ಚು. ಅಕ್ಟೋಬರಿನವರೆಗೂ ಕಾಯಬಲ್ಲ ರೀಸ್ಲಿಂಗ್ ಈ ಹವೆಗೆ ಹೇಳಿ ಮಾಡಿಸಿದ ತಳಿ. ಇಂದು ಫಿಂಗರ್ ಲೇಕ್ಸ್‌ನ ಹೆಸರು ನಿಂತಿರುವುದು ಅದರ ಮೇಲೆಯೇ.

ಗುಣ ಮತ್ತು ಹಟ

1962ರಲ್ಲಿ ಫ್ರಾಂಕ್ ವಿನಿಫೆರಾ ವೈನ್ ಸೆಲ್ಲರ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಹತ್ತಾರು ತಳಿಗಳನ್ನು ನೆಟ್ಟರು. ಜಾರ್ಜಿಯಾ ದೇಶದ ರ್ಕಾಟ್ಸಿಟೆಲಿಯೂ ಅವುಗಳಲ್ಲಿ ಸೇರಿತ್ತು. ಹುಡುಕಿಕೊಂಡು ಬಂದವರಿಗೆ ಕಲಿತದ್ದನ್ನೆಲ್ಲ ಹೇಳಿಕೊಟ್ಟರು. 1967ರಲ್ಲಿ ಅಮೆರಿಕನ್ ವೈನ್ ಸೊಸೈಟಿ ಹುಟ್ಟಿದ್ದು ಅವರ ಮನೆಯಲ್ಲಿ ನಡೆದ ಸಭೆಯಲ್ಲಿ.

ಅವರು ಹಟಮಾರಿ ಕೂಡ. ಫ್ರೆಂಚ್-ಅಮೆರಿಕನ್ ಮಿಶ್ರತಳಿಗಳು ಆರೋಗ್ಯಕ್ಕೇ ಕೆಡುಕೆಂದು ಕಡೆಯವರೆಗೂ ವಾದಿಸಿದರು, ಅದು ರುಜುವಾತಾಗಲಿಲ್ಲ. ಆ ಮಿಶ್ರತಳಿಗಳು ಇಂದಿಗೂ ಅಲ್ಲಿನ ಅನೇಕ ರೈತರ ಕೈ ಹಿಡಿದಿವೆ. ಒಂದು ವಿಷಯದಲ್ಲಿ ಊರಿಗೆಲ್ಲ ಎದುರಾಗಿ ಗೆದ್ದವರು ಎಲ್ಲ ವಿಷಯದಲ್ಲೂ ಸರಿಯಾಗಿರಬೇಕೆಂದಿಲ್ಲ.

1976ರಲ್ಲಿ ನ್ಯೂಯಾರ್ಕ್ ರಾಜ್ಯ ಹೊಸ ಕಾನೂನು ತಂದು, ಸಣ್ಣ ಬೆಳೆಗಾರರು ತಾವೇ ವೈನ್ ಮಾಡಿ ನೇರವಾಗಿ ಮಾರಲು ದಾರಿ ಮಾಡಿಕೊಟ್ಟಿತು. ಫ್ರಾಂಕ್ ತೋರಿಸಿದ ಬೆಳೆಗೆ ಈಗ ಮಾರುಕಟ್ಟೆಯೂ ಸಿಕ್ಕಿತು. ಇಂದು ಆ ಸೀಮೆಯಲ್ಲಿ ನೂರಕ್ಕೂ ಹೆಚ್ಚು ವೈನ್ ತಯಾರಿಕಾ ಘಟಕಗಳಿವೆ. ಫ್ರಾಂಕ್ 1985ರಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗ ವಿಲ್ಲಿ, ಬಳಿಕ ಮೊಮ್ಮಗ ಫ್ರೆಡ್ ತೋಟವನ್ನು ಮುಂದುವರಿಸಿದರು.

ಹಾಗೆಂದು ಚಳಿ ಸೋತುಹೋಯಿತೆಂದು ತಿಳಿಯಬೇಡಿ. 2023ರ ಮೇ ತಿಂಗಳಲ್ಲಿ ಬಿದ್ದ ತಡವಾದ ಹಿಮಕ್ಕೆ ಅಲ್ಲಿನ ಅನೇಕ ತೋಟಗಳ ಚಿಗುರು ಸುಟ್ಟುಹೋಯಿತು. ಇಂದಿಗೂ ಶರತ್ಕಾಲದಲ್ಲಿ ಕಸಿಗಂಟಿನ ಮೇಲೆ ಮಣ್ಣು ಏರಿಸಿ, ವಸಂತದಲ್ಲಿ ಬಿಡಿಸುವ ಕೆಲಸ ತಪ್ಪಿಲ್ಲ.

ನಾವು ಕಲಿಯಬೇಕಾದದ್ದು

ನಮ್ಮಲ್ಲಿ ಹಿಮವಿಲ್ಲ, ಉಪ್ಪುನೀರು, ಬರಗಾಲ ಇವೆ. ಅದಕ್ಕಾಗಿಯೇ ಉತ್ತರ ಕರ್ನಾಟಕದ ಬೆಳೆಗಾರರು ಡಾಗ್‌ರಿಜ್ ಎಂಬ ಬೇರಿನ ಮೇಲೆ ದ್ರಾಕ್ಷಿಯನ್ನು ಕಸಿ ಮಾಡುತ್ತಾರೆ. ಅದೂ ಅಮೆರಿಕದ ಟೆಕ್ಸಾಸ್ ಸೀಮೆಯಿಂದ ಬಂದ ಬೇರು. ಕಷ್ಟ ಬೇರೆ, ಉಪಾಯ ಒಂದೇ. ಆದ್ದರಿಂದ ಸಸಿ ಕೊಳ್ಳುವಾಗ ಮೇಲಿನ ತಳಿಯ ಹೆಸರನ್ನು ಮಾತ್ರ ಕೇಳಿ ಸುಮ್ಮನಾಗಬೇಡಿ, ಕೆಳಗಿನ ಬೇರು ಯಾವುದೆಂದೂ ಕೇಳಿ. ಬಳ್ಳಿಯ ಮೇಲೆ ತಾಳಲಾರದಷ್ಟು ಗೊನೆ ಬಿಟ್ಟು ಕಡ್ಡಿಯನ್ನು ಬಡವಾಗಿಸಬೇಡಿ. ನಿಮ್ಮ ಜಮೀನಿನಲ್ಲಿ ಗಾಳಿ ಎತ್ತ ಹರಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ನೆಡುವ ಮುನ್ನವೇ ನೋಡಿಕೊಳ್ಳಿ.

ಇಲ್ಲಿ ಇದು ಬೆಳೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ, ಏಕೆ ಎಂದು ಕೇಳಿ. ಕಾರಣ ತಿಳಿದರೆ ಮೂಲೆಯ ನಾಲ್ಕು ಗುಂಟೆಯಲ್ಲಿ ನೆಟ್ಟು ನೋಡಿ. ಒಂದು ಕೆಟ್ಟ ವರ್ಷವನ್ನು ಅದು ದಾಟಿದ ಮೇಲೆ ಎಕರೆಗಳಿಗೆ ಕೈಹಾಕಿ. ಫ್ರಾಂಕ್ ನಡೆದದ್ದೂ ಅದೇ ದಾರಿ.