ಸೂಜಿ ಹಿಡಿದ ತಾಯಿ: ಸಂತ ಜೆಲಿ ಮಾರ್ಟಿನ್

ಕಿರುಪುಷ್ಪವೆಂದು ನಾವೆಲ್ಲರೂ ಅಕ್ಕರೆಯಿಂದ ಕರೆಯುವ ಲಿಸಿಯೂ ನಗರದ ಸಂತ ತೆರೇಸಮ್ಮನವರ ಸ್ವರೂಪವಿಲ್ಲದ ದೇವಾಲಯಗಳು ನಮ್ಮಲ್ಲಿ ವಿರಳ. ಆದರೆ ಆಕೆಯನ್ನು ಹೆತ್ತ ತಾಯಿಯನ್ನು ಬಲ್ಲವರು ಹೆಚ್ಚಿಲ್ಲ. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಆ ತಾಯಿ ಜೆಲಿಯವರನ್ನೂ ಆಕೆಯ ಪತಿ ಲೂಯಿ ಮಾರ್ಟಿನ್‌ರವರನ್ನೂ ಒಟ್ಟಿಗೆ ಸಂತ ಪದವಿಗೇರಿಸಿದರು. ಇವರು ರಕ್ತಸಾಕ್ಷಿಗಳಲ್ಲ, ಮಠವಾಸಿಗಳಲ್ಲ. ಅಂಗಡಿಯ ಲೆಕ್ಕ ಬರೆದು ಮಕ್ಕಳನ್ನು ಸಾಕಿದ ಗೃಹಸ್ಥರು.

ಜೆಲಿ ಗೆರೆಂ ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದಲ್ಲಿ 1831ರ ಡಿಸೆಂಬರ್ 23ರಂದು ಜನಿಸಿದರು. ತಂದೆ ಸೈನಿಕ ವೃತ್ತಿಯವರು. ತಾಯಿ ಬಲು ಕಟ್ಟುನಿಟ್ಟಿನವರು. ಬಾಲ್ಯದಲ್ಲಿ ನಗು ಕಡಿಮೆ. ಅಲಾನ್ಸೊಂ ನಗರದ ಆಸ್ಪತ್ರೆಯಲ್ಲಿ ಸೇವೆ ಮಾಡುತ್ತಿದ್ದ ಧರ್ಮಭಗಿನಿಯರ ಸಭೆಯನ್ನು ಸೇರಲು ಆಕೆ ಹಂಬಲಿಸಿದರು. ಅಲ್ಲಿನ ಮಠಾಧಿಕಾರಿಣಿಯವರು ಒಪ್ಪಲಿಲ್ಲ. ಲೂಯಿಯವರ ಕಥೆಯೂ ಇಂಥದೇ. ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠದ ಬಾಗಿಲು ತಟ್ಟಿದ ಆತನಿಗೆ ಲತೀನ್ ಭಾಷೆಯೇ ಅಡ್ಡಿಯಾಯಿತು. (ಗುರುಮಠದಲ್ಲಿ ಲತೀನ್ ವ್ಯಾಕರಣದೊಡನೆ ಹೆಣಗಿದ ನಮ್ಮಂಥವರಿಗೆ ಆ ಯುವಕನ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.) ಆತ ಗಡಿಯಾರ ದುರಸ್ತಿಯ ಕಸುಬಿಗೆ ಮರಳಿದರು, ಈಕೆ ಸೂಜಿ ಹಿಡಿದರು. 1858ರ ಜುಲೈ 13ರಂದು ಅಲಾನ್ಸೊಂನ ದೇವಮಾತೆಯ ದೇವಾಲಯದಲ್ಲಿ ಇವರ ವಿವಾಹವಾಯಿತು.

ಅಲಾನ್ಸೊಂನ ಲೇಸ್ ಎಂದರೆ ಜಗತ್ಪ್ರಸಿದ್ಧ. ಸೂಜಿ ಮತ್ತು ಅತಿ ತೆಳುವಾದ ದಾರ, ಇಷ್ಟೇ ಅದರ ಬಂಡವಾಳ. ಆ ಕಾಲದಲ್ಲಿ ಒಬ್ಬೊಬ್ಬ ಕುಶಲಗಾರ್ತಿ ತನ್ನ ಮನೆಯಲ್ಲಿ ಕುಳಿತು ತನಗೆ ಬರುವ ಒಂದು ಬಗೆಯ ಹೊಲಿಗೆಯನ್ನಷ್ಟೇ ಹಾಕುತ್ತಿದ್ದಳು; ಕೊನೆಯಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ಒಟ್ಟು ಮಾಡಿ, ಜೋಡಿಸಿದ ಗುರುತೇ ಕಾಣದಂತೆ ಬೆಸೆಯಬೇಕಿತ್ತು. ಅತ್ಯಂತ ಕಠಿಣವಾದ ಈ ಕೊನೆಯ ಕೆಲಸವನ್ನು ಜೆಲಿಯವರು ಸ್ವತಃ ವಹಿಸಿಕೊಂಡಿದ್ದರು. 1853ರಲ್ಲಿ, ಇನ್ನೂ 22 ತುಂಬುವ ಮೊದಲೇ, ಸ್ವಂತ ಉದ್ಯಮ ಆರಂಭಿಸಿದ ಈಕೆ ಪ್ರತಿ ಗುರುವಾರ ಕೆಲಸದ ಹೆಂಗಸರನ್ನು ಬರಮಾಡಿಕೊಂಡು, ಮುಗಿದ ಲೇಸ್ ಪಡೆದು, ಹೊಸ ಕೆಲಸ ಒಪ್ಪಿಸುತ್ತಿದ್ದರು. ಕೂಲಿಯನ್ನು ತಡಮಾಡುತ್ತಿರಲಿಲ್ಲ. ಅವರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಭಾನುವಾರ ನೋಡಲು ಹೋಗುತ್ತಿದ್ದರು. ವ್ಯಾಪಾರ ಎಷ್ಟು ಬೆಳೆಯಿತೆಂದರೆ 1870ರಲ್ಲಿ ಪತಿಯೇ ತಮ್ಮ ಗಡಿಯಾರದ ಅಂಗಡಿಯನ್ನು ಬಿಟ್ಟುಕೊಟ್ಟು ಪತ್ನಿಯ ಉದ್ಯಮಕ್ಕೆ ಹೆಗಲು ಕೊಟ್ಟರು. ಆ ಕಾಲದಲ್ಲಿ ಎಷ್ಟು ಗಂಡಂದಿರು ಇದಕ್ಕೆ ಒಪ್ಪಿಯಾರು!

ಆ ಅಂಗಡಿಯ ಬಗ್ಗೆ ಒಂದು ಮಾತು. ಹಳ್ಳಿಯ ಜನ ಪಟ್ಟಣಕ್ಕೆ ಬಂದು ಒಡವೆ ಕೊಳ್ಳುತ್ತಿದ್ದುದು ಭಾನುವಾರವೇ. ಹಿತೈಷಿಗಳು ಪಕ್ಕದ ಬಾಗಿಲನ್ನಾದರೂ ತೆರೆದಿಡಲು ಸಲಹೆಯಿತ್ತರು. ಲೂಯಿಯವರು ನಷ್ಟವನ್ನೇ ಒಪ್ಪಿಕೊಂಡರು, ಬಾಗಿಲು ತೆರೆಯಲಿಲ್ಲ. ವಾರದ ಉಳಿದ ದಿನಗಳಲ್ಲಿಯೂ ದಂಪತಿಗಳ ದಿನಚರಿ ಮುಂಜಾನೆ 5-30ರ ಬಲಿಪೂಜೆಯಿಂದಲೇ ಮೊದಲಾಗುತ್ತಿತ್ತು.

ಇಷ್ಟು ಭಕ್ತಿಯಿದ್ದ ಮನೆಗೆ ದುಃಖ ಬರಲಿಲ್ಲವೇ? ಬಂತು, ಮೇಲಿಂದ ಮೇಲೆ ಬಂತು. ಒಂಬತ್ತು ಮಕ್ಕಳಲ್ಲಿ ನಾಲ್ವರು ತೀರಿಕೊಂಡರು. ಜೋಸೆಫರ ಹೆಸರಿಟ್ಟ ಇಬ್ಬರು ಗಂಡು ಕೂಸುಗಳು ವರ್ಷ ತುಂಬುವ ಮೊದಲೇ ಹೋದವು. 1870ರ ಫೆಬ್ರವರಿಯಲ್ಲಿ ಐದು ವರ್ಷದ ಹೆಲೆನ್ ಹೋದಳು. ಅದೇ ವರ್ಷ ಆಗಸ್ಟ್‌ನಲ್ಲಿ ಹುಟ್ಟಿದ ಹೆಣ್ಣುಕೂಸು ಹಾಲೂಡಿಸುವ ದಾದಿಯ ಅಲಕ್ಷ್ಯದಿಂದ ಹಸಿವಿನಲ್ಲೇ ಸೊರಗಿ ಅಕ್ಟೋಬರ್‌ನಲ್ಲಿ ಕಣ್ಮುಚ್ಚಿತು. ಈ ಮಕ್ಕಳು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತೆಂದು ಸಾಂತ್ವನ ಹೇಳಲು ಬಂದವರ ಮಾತು ಆ ತಾಯಿಗೆ ಸಹಿಸಲಾಗಲಿಲ್ಲ. ಅವರು ಸ್ವರ್ಗದಲ್ಲಿದ್ದಾರೆ, ಮತ್ತೆ ಕಾಣುವೆನೆಂಬ ನಂಬಿಕೆ ಆಕೆಯದು. ಹಾಗೆಂದು ಆಕೆ ಅಳಲಿಲ್ಲವೆಂದು ತಿಳಿಯಬೇಡಿ; ಲಿಸಿಯೂದಲ್ಲಿ ಔಷಧಿ ವ್ಯಾಪಾರಿಯಾಗಿದ್ದ ತಮ್ಮನಿಗೂ ಬಂಧುಗಳಿಗೂ ಬರೆದ, ಇಂದಿಗೂ ಉಳಿದಿರುವ ಇನ್ನೂರಕ್ಕೂ ಹೆಚ್ಚು ಪತ್ರಗಳಲ್ಲಿ ಕಣ್ಣೀರೂ ದಣಿವೂ ವ್ಯಾಪಾರದ ಚಿಂತೆಯೂ ಧಾರಾಳವಾಗಿವೆ.

1873ರ ಜನವರಿ 2ರಂದು ಕೊನೆಯ ಮಗು ತೆರೇಸಾ ಹುಟ್ಟಿದರು. ಆ ವೇಳೆಗೆ ಜೆಲಿಯವರ ಎದೆಯಲ್ಲಿ ಗಂಟು ಕಾಣಿಸಿಕೊಂಡು ವರ್ಷಗಳೇ ಆಗಿದ್ದವು. ಅದು ಅರ್ಬುದರೋಗ. ಆದರೆ ಆಕೆಯನ್ನು ರೋಗಕ್ಕಿಂತ ಹೆಚ್ಚಾಗಿ ಕಾಡಿದ್ದು ಮೂರನೆಯ ಮಗಳು ಲೆಯೋನಿ. ಪಾಠ ಹತ್ತದ, ಹೇಳಿದ ಮಾತು ಕೇಳದ, ಕನ್ಯಾಮಠದ ಶಾಲೆಯಿಂದ ಹಿಂದಕ್ಕೆ ಕಳುಹಿಸಲ್ಪಟ್ಟ ಹುಡುಗಿ. ತನ್ನ ನಂತರ ಈ ಮಗುವಿಗೆ ಯಾರು ದಿಕ್ಕು? 1877ರಲ್ಲಿ ಕಾರಣ ಬಯಲಾಯಿತು: ಮನೆಯ ಸೇವಕಿಯೇ ಹುಡುಗಿಯನ್ನು ಗುಟ್ಟಾಗಿ ಹೆದರಿಸಿ ಹಿಂಸಿಸಿ ತನ್ನ ಅಂಕೆಯಲ್ಲಿಟ್ಟುಕೊಂಡಿದ್ದಳು. ಲೆಯೋನಿಯೊಡನೆ ಇನ್ನು ಮಾತನಾಡಕೂಡದೆಂದು ಜೆಲಿಯವರು ಅವಳಿಗೆ ಆಜ್ಞಾಪಿಸಿದರು. ಮಗಳನ್ನು ಪಕ್ಕದಲ್ಲೇ ಇರಿಸಿಕೊಂಡು ಮೃದುವಾಗಿ ತಿದ್ದತೊಡಗಿದರು. ಬದುಕಲು ಆಕೆ ಬಯಸಿದ್ದು ಮುಖ್ಯವಾಗಿ ಈ ಮಗುವಿಗೋಸ್ಕರ.

ಅದೇ ಜೂನ್‌ನಲ್ಲಿ ಮೂವರು ಹಿರಿಯ ಹೆಣ್ಣುಮಕ್ಕಳೊಡನೆ ಲೂರ್ದು ಕ್ಷೇತ್ರಕ್ಕೆ ಯಾತ್ರೆ ಹೋಗಿ, ತಣ್ಣೀರಿನ ಕೊಳದಲ್ಲಿ ನಾಲ್ಕು ಬಾರಿ ಮುಳುಗಿ ಎದ್ದರು. ಗುಣವಾಗಲಿಲ್ಲ. ನೋವಿನಿಂದ ಹೆಜ್ಜೆ ಎತ್ತಿಡಲಾಗದಿದ್ದರೂ ಆಗಸ್ಟ್ ತಿಂಗಳ ಮೊದಲ ಶುಕ್ರವಾರ ಬಲಿಪೂಜೆಗೆ ಹೋದರು. 1877ರ ಆಗಸ್ಟ್ 28ರಂದು, 45ನೆಯ ವಯಸ್ಸಿನಲ್ಲಿ, ದೇವರ ಪಾದ ಸೇರಿದರು.

ಉಳಿದ ಐವರು ಪುತ್ರಿಯರೂ ಕಾಲಾನಂತರ ಕನ್ಯಾಮಠ ಸೇರಿದರು. ನಾಲ್ವರು ಲಿಸಿಯೂದ ಕಾರ್ಮೆಲ್ ಮಠಕ್ಕೆ. ಲೆಯೋನಿ ಮಾತ್ರ ಮೂರು ಬಾರಿ ಪ್ರಯತ್ನಿಸಿ, ಮೂರು ಬಾರಿಯೂ ಮನೆಗೆ ಹಿಂದಿರುಗಿದರು. 1899ರಲ್ಲಿ ನಾಲ್ಕನೆಯ ಸಲ ಕಾನ್ ನಗರದ ವಿಸಿಟೇಷನ್ ಮಠದ ಹೊಸ್ತಿಲು ದಾಟಿದವರು, 1941ರಲ್ಲಿ 78 ವರ್ಷದ ವೃದ್ಧೆಯಾಗಿ ತೀರಿಕೊಳ್ಳುವವರೆಗೂ ಅಲ್ಲಿಯೇ ಉಳಿದರು.